ದೊಡ್ಡಪ್ಪನ ತಾಳಮದ್ದಳೆ ಸಿಡಿಗಳು: ಗೀರೂ ಇದೆ, ಬೂಷ್ಟೂ ಇದೆ. ಟೂತ್‌ಪೇಸ್ಟ್ ಹಾಕಿ ಉಜ್ಜಬಹುದೇ?

ಸಾಗರದ_ಕೇಳುಗಿ:

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪನಿಗೆ ತಾಳಮದ್ದಳೆಯ ಹುಚ್ಚು. ಸಾಗರ, ಸಿದ್ದಾಪುರ, ಹೊನ್ನಾವರದ ಕಡೆ ಎಲ್ಲಿ ಕೂಟವಾದರೂ ಟೇಪ್‌ರೆಕಾರ್ಡರ್ ಹೊತ್ತುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು. 2004ರ ಸುಮಾರಿಗೆ ಧ್ವನಿಮುದ್ರಿಕೆಗಳನ್ನೆಲ್ಲ ಪೇಟೆಯಲ್ಲಿ ಸಿಡಿಗೆ ಹಾಕಿಸಿ, ಕ್ಯಾಸೆಟ್ಟುಗಳನ್ನು ಕೇಳಿದವರಿಗೆ ಕೊಟ್ಟುಬಿಟ್ಟರು. ಈಗ ದೊಡ್ಡಪ್ಪನೂ ಇಲ್ಲ, ಕ್ಯಾಸೆಟ್ಟುಗಳೂ ಇಲ್ಲ. ಅಟ್ಟದ ಟ್ರಂಕಿನಲ್ಲಿ ಸಿಕ್ಕ ಈ ಸಿಡಿಗಳಷ್ಟೇ ಉಳಿದಿವೆ.

ಹೆಚ್ಚಿನವು ಪ್ಲಾಸ್ಟಿಕ್ ಪೌಚಿನಲ್ಲಿವೆ, ಒಂದೆರಡು ಪೌಚಿಗೇ ಅಂಟಿಕೊಂಡಿವೆ. ಕೆಳಮೈ ಕೆಲವಕ್ಕೆ ತಿಳಿಹಸಿರು, ಕೆಲವಕ್ಕೆ ಕಡುನೀಲಿ. ಬೂಷ್ಟಿನ ಕಲೆ, ಬೆರಳಚ್ಚು, ಗೀರು ಎಲ್ಲವೂ ಇವೆ. ಅಣ್ಣನ ಉಪನಯನದ ವಿಸಿಡಿಯೂ (ವಿಡಿಯೋ ಸಿಡಿ) ಅದೇ ಟ್ರಂಕಿನಲ್ಲಿತ್ತು. ಲ್ಯಾಪ್‌ಟಾಪಿಗೆ ಹೊರಗಿನಿಂದ ಜೋಡಿಸುವ ಡ್ರೈವಿನಲ್ಲಿ ಒಂದನ್ನು ಹಾಕಿ ನೋಡಿದೆ. ಗರಗರ ತಿರುಗಿತು, ನಿಂತಿತು, ಮತ್ತೆ ತಿರುಗಿತು. ತೆರೆಯ ಮೇಲೆ ಏನೂ ಬರಲಿಲ್ಲ.

ಪಕ್ಕದ ಮನೆಯವರು ಟೂತ್‌ಪೇಸ್ಟ್ ಹಾಕಿ ಉಜ್ಜಲು ಹೇಳುತ್ತಾರೆ. ಇನ್ನೊಬ್ಬರು ಕೊಬ್ಬರಿ ಎಣ್ಣೆ ಸವರಲು ಹೇಳಿದರು. ಕೈ ಹಾಕುವ ಮೊದಲು ತಿಳಿದವರನ್ನು ಕೇಳೋಣ ಎಂದು ಇಲ್ಲಿಗೆ ಬಂದಿದ್ದೇನೆ. ಇವುಗಳಿಗೆ ಇನ್ನೊಂದು ಪ್ರತಿ ಎಲ್ಲಿಯೂ ಇಲ್ಲ.

ದುರಸ್ತಿ_ಹುಬ್ಬಳ್ಳಿ:

ಅಕ್ಕನವರೇ, ಕೇಳಿದ್ದು ಒಳ್ಳೆಯದಾಯಿತು. ಪೇಸ್ಟೂ ಬೇಡ, ಎಣ್ಣೆಯೂ ಬೇಡ, ಸದ್ಯಕ್ಕೆ ಬಟ್ಟೆಯಿಂದ ಒರೆಸುವುದೂ ಬೇಡ. ಆ ಡ್ರೈವಿನಲ್ಲಿ ಮತ್ತೆ ಮತ್ತೆ ತಿರುಗಿಸುವುದನ್ನೂ ನಿಲ್ಲಿಸಿ.

ಮೊದಲು ಸಿಡಿಯ ಮೈಯನ್ನು ಅರ್ಥಮಾಡಿಕೊಳ್ಳಬೇಕು. ಸಿಡಿ 1.2 ಮಿಲಿಮೀಟರ್ ದಪ್ಪ. ಅದರಲ್ಲಿ ಬಹುಪಾಲು ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್. ಮಾಹಿತಿ ಇರುವುದು ಹೊಳೆಯುವ ಕೆಳಮೈಯಲ್ಲಿ ಎಂದು ಜನ ತಿಳಿದುಕೊಂಡಿದ್ದಾರೆ. ಅದು ಇರುವುದು ಮೇಲುಗಡೆ, ಹೆಸರು ಬರೆಯುವ ಮೈಯ ಅಡಿಯಲ್ಲೇ. ಅಲ್ಲಿ ತೆಳುವಾದ ಲೋಹದ ಪದರ, ಅದರ ಮೇಲೆ ಕೂದಲೆಳೆಗಿಂತ ತೆಳುವಾದ ಮೆರುಗೆಣ್ಣೆಯ ಲೇಪ, ಅದರ ಮೇಲೆ ಅಚ್ಚಿನ ಬಣ್ಣ. ಅಷ್ಟೇ ರಕ್ಷಣೆ. ಹಾಗಾಗಿ ಕೆಳಮೈಯ ಗೀರು ಪ್ಲಾಸ್ಟಿಕ್ಕಿನ ಗೀರು, ಅದಕ್ಕೆ ಉಪಾಯವಿದೆ. ಮೇಲುಮೈಯಲ್ಲಿ ಆಳವಾಗಿ ಗೀರಿದರೆ ಲೋಹದ ಪದರವೇ ಎದ್ದುಬರುತ್ತದೆ. ಅದನ್ನು ಯಾವ ಪೇಸ್ಟೂ ವಾಪಸು ತರುವುದಿಲ್ಲ.

ಒಂದೊಂದೇ ಸಿಡಿಯನ್ನು ಅಂಚಿನಲ್ಲಿ ಹಿಡಿದು, ಹೆಸರಿನ ಮೈಯನ್ನು ಬಲ್ಬಿನ ಕಡೆ ಮಾಡಿ, ಕೆಳಮೈಯಿಂದ ನೋಡಿ. ಸೂಜಿಮೊನೆಯಷ್ಟು ಬೆಳಕು ತೂರಿ ಬಂದರೆ ಅಲ್ಲಿ ಪದರ ಹೋಗಿದೆ. ಅಂಥವನ್ನು ಬೇರೆ ಇಡಿ. ಬೆಳಕು ತೂರದವು ನಮ್ಮ ಕೈಗೆ ದಕ್ಕುವಂಥವು.

ನಡುವಿನ ತೂತಿನ ಸುತ್ತ ಬಿರುಕು ಇದ್ದರೆ ಆ ಸಿಡಿಯನ್ನು ಡ್ರೈವಿಗೆ ಹಾಕಲೇಬೇಡಿ. 52 ಪಟ್ಟು ವೇಗದ ಕಂಪ್ಯೂಟರ್ ಡ್ರೈವು ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗುತ್ತದೆ. ಒಳಗೇ ಒಡೆದು ಚೂರಾದ ಸಿಡಿಗಳನ್ನು ಇಕ್ಕಳದಿಂದ ಹೆಕ್ಕಿ ತೆಗೆದಿದ್ದೇನೆ. ಅಂಥ ಡ್ರೈವು ಮತ್ತೆ ಕೆಲಸಕ್ಕೆ ಬರುವುದಿಲ್ಲ.

ದಾವಣಗೆರೆ_ವಿಸಿಡಿ:

ದುರಸ್ತಿಯವರು ಹೇಳಿದ್ದು ಸರಿ, ಆದರೆ ಟೂತ್‌ಪೇಸ್ಟನ್ನು ಹೀಗೆ ಒಂದೇ ಮಾತಿನಲ್ಲಿ ತಳ್ಳಿಹಾಕುವುದನ್ನು ಒಪ್ಪುವುದಿಲ್ಲ. ನಾನು ವಿಸಿಡಿ ಬಾಡಿಗೆ ಅಂಗಡಿ ನಡೆಸಿದವನು. ಶನಿವಾರ ಸಂಜೆ ಒಯ್ದ ಸಿನಿಮಾ ಸೋಮವಾರ ಬರುವಷ್ಟರಲ್ಲಿ ನೆಲಕ್ಕೆ ಬಿದ್ದು, ಮಕ್ಕಳ ಕೈಗೆ ಸಿಕ್ಕಿ, ಜಾಮೂನಿನ ಪಾಕ ಮೆತ್ತಿಕೊಂಡು ಬರುತ್ತಿತ್ತು. ಅದನ್ನೇ ಮಂಗಳವಾರ ಮತ್ತೊಬ್ಬರಿಗೆ ಕೊಡಬೇಕು. ಪೇಸ್ಟಿನಿಂದ ಎದ್ದುಬಂದ ವಿಸಿಡಿಗಳೇ ನನ್ನ ಅಂಗಡಿಯನ್ನು ನಡೆಸಿದವು ಎಂದರೂ ತಪ್ಪಿಲ್ಲ.

ಕ್ರಮ ಗೊತ್ತಿರಬೇಕು. ಬಿಳಿ ಪೇಸ್ಟೇ ಆಗಬೇಕು, ಜೆಲ್ ಬೇಡ. ಮೆತ್ತನೆಯ ಟವೆಲನ್ನು ಮಡಚಿ ಹಾಸಿ, ಸಿಡಿಯನ್ನು ಹೆಸರಿನ ಮೈ ಕೆಳಗೆ ಬರುವಂತೆ ಇಡಬೇಕು. ಟವೆಲಿನಲ್ಲಿ ಒಂದು ಮರಳಿನ ಕಣವೂ ಇರಬಾರದು. ಒದ್ದೆ ಹತ್ತಿಬಟ್ಟೆಯಲ್ಲಿ ಕಡಲೆಕಾಳಿನಷ್ಟು ಪೇಸ್ಟ್ ತೆಗೆದುಕೊಂಡು, ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಎಳೆಯಬೇಕು. ದುಂಡಗೆ ಸುತ್ತಿಸುವುದು ಕೂಡದು. ಬೆರಳಿನ ಭಾರ ಸಾಕು, ಅಂಗೈ ಊರಬಾರದು. ಉಜ್ಜಿದ ಜಾಗ ಮೊದಲು ಮಂಜಾಗುತ್ತದೆ, ಆಗ ಹೆದರಬೇಡಿ. ತೊಳೆದು ಒರೆಸಿದರೆ ಸಣ್ಣ ನೇರ ಗೆರೆಗಳು ಕಾಣುತ್ತವೆ, ಹಳೆಯ ಗೀರಿನ ಹರಿತ ಹೋಗಿರುತ್ತದೆ. ಕಾರಿಗೆ ಹಾಕುವ ಪಾಲಿಶ್ ಇದ್ದರೆ ಕೊನೆಗೆ ಅದನ್ನು ಒಂದು ಸುತ್ತು ಎಳೆದರೆ ಮಂಜೂ ಹೋಗುತ್ತದೆ.

ಸಾಗರದ_ಕೇಳುಗಿ:

ಇಬ್ಬರಿಗೂ ಧನ್ಯವಾದ. ಒಂದು ಸಂದೇಹ. ದುಂಡಗೆ ಒರೆಸಬಾರದು ಎಂದು ಎಲ್ಲರೂ ಹೇಳುತ್ತಾರೆ. ಯಾಕೆ?

ದುರಸ್ತಿ_ಹುಬ್ಬಳ್ಳಿ:

ಸಿಡಿಯ ಮಾಹಿತಿ ಒಂದೇ ಒಂದು ಸುರುಳಿ ಗೆರೆ. ಒಳಗಿನಿಂದ ಶುರುವಾಗಿ ಹೊರಗೆ ಬರುತ್ತದೆ. ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವೆ ಬರೀ 1.6 ಮೈಕ್ರೋಮೀಟರ್ ಅಂತರ. ಗೀರು ಈ ಗೆರೆಗೆ ಅಡ್ಡಲಾಗಿ ಹೋದರೆ ಪ್ರತಿ ಸುತ್ತಿನಲ್ಲೂ ಸಿಗುವುದು ಚೂರೇ ಚೂರು. ಅಂಥ ಚೂರನ್ನು ತುಂಬಿಕೊಳ್ಳುವ ಲೆಕ್ಕಾಚಾರ ಸಿಡಿಯಲ್ಲೇ ಇದೆ. ಗೆರೆಯ ಉದ್ದಕ್ಕೆ ಸುಮಾರು ಎರಡೂವರೆ ಮಿಲಿಮೀಟರ್ ಕಾಣದೇ ಹೋದರೂ ಪ್ಲೇಯರ್ ಅದನ್ನು ಪೂರ್ತಿಯಾಗಿ ಕಟ್ಟಿಕೊಳ್ಳಬಲ್ಲದು, ಏಕೆಂದರೆ ಬರೆಯುವಾಗಲೇ ಮಾಹಿತಿಯನ್ನು ಒಂದೇ ಕಡೆ ಇಡದೆ ಚದುರಿಸಿ ಬರೆದಿರುತ್ತಾರೆ. ಗೀರು ಸುರುಳಿಯ ಜೊತೆಗೇ ದುಂಡಗೆ ಹೋದರೆ ಒಂದೇ ಕಡೆ ಉದ್ದಕ್ಕೂ ಮಾಹಿತಿ ಹೋಗುತ್ತದೆ, ಸಿಡಿಯನ್ನು ಓದುವ ಲೇಸರ್ ಕಿರಣವೂ ದಾರಿ ತಪ್ಪುತ್ತದೆ. ಒರೆಸುವಾಗ ಬಟ್ಟೆಯಲ್ಲಿದ್ದ ಒಂದು ಕಣ ಗೀರಿದರೂ ಅದು ಅಡ್ಡಗೀರಾಗಿರಲಿ ಎಂಬುದಕ್ಕೇ ನಡುವಿನಿಂದ ಅಂಚಿಗೆ ಒರೆಸುವುದು.

ಇನ್ನೊಂದು ಮಾತು. ಲೇಸರ್ ಸಿಡಿಯ ಕೆಳಮೈಯನ್ನು ಪ್ರವೇಶಿಸುವಾಗ ಸುಮಾರು 0.8 ಮಿಲಿಮೀಟರ್ ಅಗಲ ಇರುತ್ತದೆ. ಮಾಹಿತಿಯ ಪದರ ತಲಪುವಾಗ ಮೊನೆಯಾಗುತ್ತದೆ. ಕನ್ನಡಕದ ಗಾಜಿನ ಮೇಲಿನ ಧೂಳಿನ ಕಣ ನಾವು ಓದುವ ಅಕ್ಷರವನ್ನು ಮುಚ್ಚದಿರುವ ಹಾಗೆಯೇ, ಕೆಳಮೈಯ ಸಣ್ಣ ಗೀರು ಲೇಸರಿಗೆ ಮಸುಕಾಗಿ ಮಾತ್ರ ಕಾಣುತ್ತದೆ. ಆದ್ದರಿಂದ ನೋಡಲು ಭಯಂಕರವಾಗಿರುವ ಸಿಡಿ ಎಷ್ಟೋ ಸಲ ಚೆನ್ನಾಗಿ ಓಡುತ್ತದೆ. ಬೆರಳಿನ ಜಿಡ್ಡು ಮತ್ತು ಬೂಷ್ಟು ಅಗಲಕ್ಕೆ ಹರಡಿಕೊಂಡಿರುತ್ತವೆ. ಅವೇ ಹೆಚ್ಚು ತೊಂದರೆ ಕೊಡುವುದು. ಅವು ತೊಳೆದರೆ ಹೋಗುತ್ತವೆ.

ರಸಾಯನ_ಮೇಷ್ಟ್ರು:

ತೊಳೆಯುವ ವಿಷಯಕ್ಕೆ ನಾನು ಬರುತ್ತೇನೆ. ಪಾಲಿಕಾರ್ಬೊನೇಟ್ ಗಟ್ಟಿ ಪ್ಲಾಸ್ಟಿಕ್, ಹೆಲ್ಮೆಟ್ಟಿನ ಮುಖಗಾಜಿಗೂ ಅದನ್ನೇ ಬಳಸುತ್ತಾರೆ. ಆದರೆ ರಾಸಾಯನಿಕಗಳ ಮುಂದೆ ಅದು ಅಷ್ಟು ಗಟ್ಟಿಯಲ್ಲ. ನೇಲ್ ಪಾಲಿಶ್ ತೆಗೆಯುವ ಅಸಿಟೋನ್, ಬಣ್ಣಕ್ಕೆ ಬೆರೆಸುವ ಥಿನ್ನರ್, ಪೆಟ್ರೋಲ್, ಇವು ಬಿದ್ದ ಜಾಗ ಬೆಳ್ಳಗಾಗಿ ಬಿರಿಯುತ್ತದೆ. ಅದು ಶಾಶ್ವತ. ಅಮೋನಿಯಾ ಇರುವ ಗಾಜು ತೊಳೆಯುವ ದ್ರವವೂ, ದೀಪ ಬೆಳಗುವ ಹಿತ್ತಾಳೆ ಪಾಲಿಶ್ಶೂ ನನ್ನ ಪ್ರಕಾರ ಬೇಡ. ಹಿತ್ತಾಳೆ ಪಾಲಿಶ್ ಹಾಕಿ ಗೆದ್ದವರಿದ್ದಾರೆ, ಆದರೆ ಎರಡನೇ ಪ್ರತಿ ಇಲ್ಲದ ಸಿಡಿಯ ಮೇಲೆ ಅದನ್ನು ಪರೀಕ್ಷಿಸಬೇಕಾಗಿಲ್ಲ. ಕೈಗೆ ಹಚ್ಚುವ ಸ್ಯಾನಿಟೈಸರ್‌ಗಳಲ್ಲಿ ಚರ್ಮಕ್ಕೆಂದು ಗ್ಲಿಸರಿನ್ ಸೇರಿಸಿರುತ್ತಾರೆ, ಅದು ಪೊರೆಯಾಗಿ ಕೂರುತ್ತದೆ.

ಸಾಕಾಗುವುದು ಇಷ್ಟು. ಕೈ ಸೋಪಿನಿಂದ ತೊಳೆದು ಒಣಗಿಸಿಕೊಳ್ಳಿ. ಸಿಡಿಯ ಕೆಳಮೈ ಮೇಲೆ ಉಗುರುಬೆಚ್ಚಗಿನ ನೀರನ್ನು ಸಣ್ಣಗೆ ಹರಿಯಬಿಡಿ. ಮುಟ್ಟುವುದಕ್ಕೆ ಮೊದಲು ಕಣಗಳು ನೀರಿನ ಜೊತೆಗೇ ಹೋಗಬೇಕು, ಅದೇ ಮುಖ್ಯ. ಆಮೇಲೆ ಪಾತ್ರೆ ತೊಳೆಯುವ ದ್ರವದ ಒಂದು ಹನಿಯನ್ನು ಬೆರಳತುದಿಯಲ್ಲಿ ತೆಗೆದುಕೊಂಡು ನಡುವಿನಿಂದ ಅಂಚಿಗೆ ಸವರಿ. ಪಾತ್ರೆ ತಿಕ್ಕುವ ಪುಡಿಯನ್ನಾಗಲಿ ನಾರನ್ನಾಗಲಿ ಹತ್ತಿರ ತರಬೇಡಿ. ನೊರೆ ಹೋಗುವ ತನಕ ನೀರು ಬಿಡಿ. ಬೋರ್‌ವೆಲ್ ನೀರಾದರೆ ಒಣಗಿದ ಮೇಲೆ ಸುಣ್ಣದ ಬಿಳಿ ಚುಕ್ಕೆಗಳು ಉಳಿಯುತ್ತವೆ. ಕೊನೆಯ ಜಾಲಾಟಕ್ಕೆ ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದುಕೊಳ್ಳಿ. ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ನೀರು ತೆಗೆದು, ನೆರಳಿನಲ್ಲಿ ನಿಲ್ಲಿಸಿ ಒಣಗಿಸಿ. ಬಿಸಿಲು ಖಂಡಿತ ಬೇಡ. ನಿಮ್ಮ ಹಸಿರು, ನೀಲಿ ಸಿಡಿಗಳಲ್ಲಿ ಮಾಹಿತಿ ಇರುವುದು ಬಣ್ಣದ ಪದರದಲ್ಲಿ, ಆ ಬಣ್ಣಕ್ಕೆ ಬಿಸಿಲು ಮತ್ತು ಶಾಖವೇ ವೈರಿ.

ಜಿಡ್ಡು ಹಾಗೂ ಹೋಗದಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್. ಮೊಬೈಲ್ ರಿಪೇರಿಯವರು ಬೋರ್ಡ್ ತೊಳೆಯಲು ಐಪಿಎ ಎಂದು ಇಟ್ಟುಕೊಂಡಿರುತ್ತಾರೆ. ಬಟ್ಟೆಗೆ ತಾಗಿಸಿ ಕೆಳಮೈಗೆ ಮಾತ್ರ ಬಳಸಿ. ಮೇಲುಮೈಗೆ ತಾಗಿದರೆ ಮಾರ್ಕರ್ ಪೆನ್ನಿನ ಬರಹ ಅಳಿಸಿಹೋಗುತ್ತದೆ.

ದಾಖಲೆ_ಮೈಸೂರು:

ಮೇಷ್ಟ್ರ ಕೊನೆಯ ಸಾಲನ್ನು ಹಿಡಿದುಕೊಂಡು ಒಂದು ವಿನಂತಿ. ತೊಳೆಯುವ ಮೊದಲು ಪ್ರತಿ ಸಿಡಿಯ ಮೇಲುಮೈಯ ಫೋಟೋ ತೆಗೆಯಿರಿ. ಪ್ರಸಂಗದ ಹೆಸರು, ಊರು, ದಿನಾಂಕ, ಯಾರ ಯಾವ ಪಾತ್ರ ಎಂದು ದೊಡ್ಡಪ್ಪ ಬರೆದಿದ್ದರೆ ಅದೂ ಧ್ವನಿಯಷ್ಟೇ ಬೆಲೆಯುಳ್ಳದ್ದು. ಕಾಗದದ ಸ್ಟಿಕ್ಕರ್ ಅಂಟಿಸಿದ ಸಿಡಿಗಳಿದ್ದರೆ ಅವನ್ನು ನೀರಿಗೆ ಹಿಡಿಯಬೇಡಿ, ಸ್ಟಿಕ್ಕರ್ ಕೀಳಲೂಬೇಡಿ. ಕಿತ್ತರೆ ಲೋಹದ ಪದರವೂ ಅದರ ಜೊತೆಗೇ ಬರುತ್ತದೆ. ಅಂಥವಕ್ಕೆ ಒದ್ದೆ ಬಟ್ಟೆಯಿಂದ ಕೆಳಮೈ ಒರೆಸುವುದಷ್ಟೇ. ಪೌಚಿಗೆ ಅಂಟಿದ್ದನ್ನು ಎಳೆಯಬೇಡಿ. ಪೌಚಿನ ಅಂಚುಗಳನ್ನು ಕತ್ತರಿಯಿಂದ ಬಿಡಿಸಿ, ಪ್ಲಾಸ್ಟಿಕ್ಕನ್ನೇ ಹಿಂದಕ್ಕೆ ಮಡಚುತ್ತಾ ನಿಧಾನವಾಗಿ ಬಿಡಿಸಿ.

ದಾವಣಗೆರೆಯವರ ಅನುಭವದ ಬಗ್ಗೆ ನನಗೆ ಗೌರವವಿದೆ. ಅವರ ಕ್ರಮವೂ ಸರಿಯಾದದ್ದೇ. ಆದರೆ ಅವರ ಅಂಗಡಿಯ ವಿಸಿಡಿ ಹಾಳಾಗಿದ್ದರೆ ಮಾರುಕಟ್ಟೆಯಲ್ಲಿ ಅದೇ ಸಿನಿಮಾದ ಇನ್ನೊಂದು ಸಿಗುತ್ತಿತ್ತು. ಪಾಲಿಶ್ ಎಂದರೆ ಪ್ಲಾಸ್ಟಿಕ್ಕನ್ನು ಸವೆಸುವುದು. ಗೀರಿನ ಅಂಚಿನ ಹರಿತ ತೆಗೆದು ಬೆಳಕು ಚದುರದಂತೆ ಮಾಡುತ್ತದೆ, ನಿಜ. ಆದರೆ ಸವೆದದ್ದು ವಾಪಸು ಬರುವುದಿಲ್ಲ. ಒಂದೇ ಪ್ರತಿ ಇರುವಾಗ ಕೆಲಸದ ಕ್ರಮವೇ ಬೇರೆ. ತೊಳೆಯಿರಿ, ಬೇರೆ ಬೇರೆ ಡ್ರೈವಿನಲ್ಲಿ ಓದಿಸಿ, ಓದಿದಷ್ಟನ್ನು ಮೊದಲು ಹಾರ್ಡ್‌ಡಿಸ್ಕಿಗೆ ಇಳಿಸಿಕೊಳ್ಳಿ. ಓದದೇ ಉಳಿದ ತುಣುಕಿಗಾಗಿ ಮಾತ್ರ, ಕೊನೆಯಲ್ಲಿ, ಪಾಲಿಶ್. ಮೊದಲೇ ಪಾಲಿಶ್ ಹಾಕಿದರೆ ಓದುತ್ತಿದ್ದ ಭಾಗವನ್ನೂ ಪಣಕ್ಕಿಟ್ಟ ಹಾಗಾಗುತ್ತದೆ.

ಇಳಿಸಿಕೊಳ್ಳುವ ಬಗೆ ಸಿಡಿಯ ಜಾತಿಗೆ ತಕ್ಕಂತೆ ಬೇರೆಯಾಗುತ್ತದೆ, ಅದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಎಂಪಿ3 ಕಡತಗಳಿರುವ ಸಿಡಿಗೆ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ. ವಿಂಡೋಸ್‌ನ ಬದಲಿಗೆ ಹಾಕಿಕೊಳ್ಳಬಹುದಾದ ಲಿನಕ್ಸ್‌ನಲ್ಲಿ ಓಡುತ್ತದೆ. ಸಾಮಾನ್ಯವಾಗಿ ಕಾಪಿ ಮಾಡಲು ಹೋದರೆ ಕೆಟ್ಟ ಜಾಗ ಬಂದ ಕೂಡಲೇ ಕಂಪ್ಯೂಟರ್ ಕೈಚೆಲ್ಲುತ್ತದೆ. ಡಿಡಿರೆಸ್ಕ್ಯೂ ಹಾಗಲ್ಲ. ಚೆನ್ನಾಗಿರುವುದನ್ನೆಲ್ಲ ಮೊದಲು ಎತ್ತಿಕೊಂಡು, ಕೆಟ್ಟ ಜಾಗಗಳನ್ನು ಒಂದು ನಕ್ಷೆಯ ಕಡತದಲ್ಲಿ ಗುರುತು ಹಾಕಿಕೊಂಡು, ಆಮೇಲೆ ಅವಕ್ಕೆ ಹಿಂದಿರುಗುತ್ತದೆ. ಸೆಕ್ಟರಿನ, ಅಂದರೆ ಸಿಡಿಯಲ್ಲಿ ಮಾಹಿತಿಯನ್ನು ಭಾಗ ಮಾಡಿಟ್ಟ ಒಂದೊಂದು ತುಂಡಿನ, ಅಳತೆಯನ್ನು 2048 ಬೈಟ್ ಎಂದು ಹೇಳಿಕೊಡಬೇಕು. ಅದೇ ನಕ್ಷೆಯನ್ನು ಇಟ್ಟುಕೊಂಡು ಸಿಡಿಯನ್ನು ಇನ್ನೊಂದು ಡ್ರೈವಿಗೆ ಹಾಕಿದರೆ, ಬಾಕಿ ಉಳಿದ ಸೆಕ್ಟರುಗಳನ್ನಷ್ಟೇ ಅಲ್ಲಿ ಹುಡುಕುತ್ತದೆ. ಒಂದು ಡ್ರೈವು ಓದದ್ದನ್ನು ಇನ್ನೊಂದು ಓದುವುದು ತೀರಾ ಸಾಮಾನ್ಯ. ಕೊನೆಯಿಂದ ಮೊದಲಿನ ಕಡೆಗೆ ಓದಿಸುವ ಆಯ್ಕೆಯೂ ಇದೆ. ಗೀರಿನ ಆಚೆ ಬದಿಯಿಂದ ಬಂದಾಗ ಕೆಲವು ಸೆಕ್ಟರು ದಕ್ಕುತ್ತವೆ.

ಒಂದಷ್ಟು ಸೆಕ್ಟರು ದಕ್ಕಲಿಲ್ಲ ಎಂದು ಎದೆಗುಂದಬೇಡಿ. 128 ಕೆಬಿಪಿಎಸ್ ಎಂಪಿ3ಯಲ್ಲಿ ಒಂದು ಸೆಕೆಂಡಿಗೆ 16,000 ಬೈಟ್. ಅಂದರೆ ಒಂದು ಸೆಕ್ಟರು ಹೋದರೆ ಹೋಗುವುದು ಸೆಕೆಂಡಿನ ಎಂಟನೇ ಒಂದು ಭಾಗ. ಅರ್ಥಧಾರಿಯ ಮಾತಿನಲ್ಲಿ ಒಂದು ಅಕ್ಷರ ನುಂಗಿದಂತೆ ಕೇಳುತ್ತದೆ, ಆಮೇಲೆ ಕಡತ ತಾನಾಗಿಯೇ ಸರಿದಾರಿಗೆ ಬರುತ್ತದೆ.

ಆಡಿಯೋ ಸಿಡಿಯಾಗಿ ಬರೆದಿದ್ದರೆ, ಅಂದರೆ ಮನೆಯ ಹಳೆಯ ಸಿಡಿ ಪ್ಲೇಯರಿನಲ್ಲಿ ನೇರವಾಗಿ ಓಡುವಂಥದ್ದಾದರೆ, ಡಿಡಿರೆಸ್ಕ್ಯೂ ಉಪಯೋಗಕ್ಕೆ ಬರುವುದಿಲ್ಲ. ವಿಂಡೋಸ್‌ನಲ್ಲಿ ಎಕ್ಸಾಕ್ಟ್ ಆಡಿಯೋ ಕಾಪಿ, ಲಿನಕ್ಸ್‌ನಲ್ಲಿ ಸಿಡಿಪ್ಯಾರನೋಯಾ ಬಳಸಿ. ಎರಡೂ ಸಂಶಯ ಬಂದ ಜಾಗವನ್ನು ಮತ್ತೆ ಮತ್ತೆ ಓದಿ ತಾಳೆ ನೋಡುತ್ತವೆ. ಡ್ರೈವಿನ ವೇಗ ಇಳಿಸಿ ಕೂರಬೇಕು, ರಾತ್ರಿ ಹಚ್ಚಿ ಬೆಳಿಗ್ಗೆ ನೋಡುವ ಕೆಲಸ.

ವಿಸಿಡಿಯದ್ದು ಇನ್ನೊಂದು ಕಥೆ. ದತ್ತಾಂಶದ ಸಿಡಿಗಳಲ್ಲಿ ದೋಷ ತಿದ್ದಲು ಇನ್ನೊಂದು ಸುತ್ತಿನ ಹೆಚ್ಚುವರಿ ಮಾಹಿತಿ ಇರುತ್ತದೆ. ವಿಸಿಡಿಯ ವಿಡಿಯೋ ಸೆಕ್ಟರುಗಳಲ್ಲಿ ಆ ಜಾಗವನ್ನೂ ಚಿತ್ರಕ್ಕೇ ಕೊಟ್ಟುಬಿಟ್ಟಿದ್ದಾರೆ, 2048ರ ಬದಲು 2324 ಬೈಟ್. 74 ನಿಮಿಷದ ಚಿತ್ರ ಒಂದು ಸಿಡಿಯಲ್ಲಿ ಹಿಡಿದದ್ದು ಹೀಗೆ, ಗೀರಿಗೆ ವಿಸಿಡಿ ಬೇಗ ಸೋಲುವುದೂ ಇದರಿಂದಲೇ. ವಿಸಿಡಿಯ ಚಿತ್ರ ಇರುವ ಡಿಎಟಿ ಕಡತವನ್ನು ಎಳೆದು ಕಾಪಿ ಮಾಡಲು ಹೋಗಿ ಅರ್ಧಕ್ಕೆ ನಿಂತದ್ದನ್ನು ಹಲವರು ಕಂಡಿರುತ್ತೀರಿ. ಅದಕ್ಕೆ ವಿಂಡೋಸ್‌ನಲ್ಲಿ ಐಸೋಬಸ್ಟರ್ ಇದೆ, ಅದರ ಕೆಲವು ಸೌಲಭ್ಯಗಳಿಗೆ ಹಣ ಕೊಡಬೇಕು. ಲಿನಕ್ಸ್‌ನಲ್ಲಿ ವಿಸಿಡಿ ಇಮೇಜರ್ ಜೊತೆಗೆ ಬರುವ ವಿಸಿಡಿಎಕ್ಸ್‌ರಿಪ್ ಸಾಕು. ದಕ್ಕದ ಜಾಗದಲ್ಲಿ ಚಿತ್ರ ಒಂದು ಕ್ಷಣ ಚೌಕಚೌಕವಾಗಿ ಒಡೆಯುತ್ತದೆ, ಅಷ್ಟೇ.

ದಾವಣಗೆರೆ_ವಿಸಿಡಿ:

ಒಪ್ಪಿದೆ ಸರ್. ಪ್ರತಿ ಮಾಡಿಕೊಂಡ ಮೇಲೆಯೇ ಪಾಲಿಶ್. ನನ್ನ ಕಡೆಯಿಂದ ಒಂದು ಸೇರಿಸುತ್ತೇನೆ. ಗೀರು ತೂತಿನ ಹತ್ತಿರ ಇದೆಯೋ ಅಂಚಿನ ಹತ್ತಿರ ಇದೆಯೋ ನೋಡಿ. ಯಾವ ಹಾಡು, ಯಾವ ಕಡತ ಎಲ್ಲಿದೆ ಎಂಬ ಪಟ್ಟಿ ಸಿಡಿಯ ಒಳಸುತ್ತಿನಲ್ಲಿ ಇರುತ್ತದೆ. ಅಲ್ಲಿ ಕೊಳೆ ಇದ್ದರೆ ಉಳಿದ ಸಿಡಿ ಕನ್ನಡಿಯಂತಿದ್ದರೂ ಪ್ಲೇಯರ್ ‘ಡಿಸ್ಕ್ ಇಲ್ಲ’ ಎನ್ನುತ್ತದೆ. ತೊಳೆಯುವಾಗ ಆ ಒಳಸುತ್ತಿಗೆ ಹೆಚ್ಚು ಗಮನ ಕೊಡಿ. ಬರೆದ ಸಿಡಿಯನ್ನು ಓರೆಯಾಗಿ ಬೆಳಕಿಗೆ ಹಿಡಿದರೆ ಬರೆದ ಭಾಗ ಒಂದು ಛಾಯೆ, ಖಾಲಿ ಭಾಗ ಇನ್ನೊಂದು ಛಾಯೆ ಕಾಣುತ್ತದೆ. ಗೀರು ಖಾಲಿ ಭಾಗದಲ್ಲಿದ್ದರೆ ಅದರ ಗೊಡವೆಯೇ ಬೇಡ.

ಪಡುಗಡಲು:

ಉಡುಪಿಯಿಂದ ನಮಸ್ಕಾರ. ಬೂಷ್ಟಿನ ವಿಷಯದಲ್ಲಿ ಕರಾವಳಿಯವರಿಗೂ ಮಲೆನಾಡಿನವರಿಗೂ ಕಷ್ಟ ಒಂದೇ. ತೊಳೆಯುವಾಗ ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿ, ಹಳೆಯ ಪೌಚುಗಳನ್ನು ಮನೆಯೊಳಗೆ ಕೊಡವದೆ ಎಸೆದುಬಿಡಿ. ಬೂಷ್ಟು ಹೊರಗಡೆ ಮಾತ್ರ ಇದ್ದರೆ ಸೋಪಿನ ನೀರು, ಆಮೇಲೆ ಐಪಿಎ ಸಾಕು. ಅಂಚಿನಿಂದ ಒಳಕ್ಕೆ ಮರದ ಬೇರಿನಂತೆ ಕವಲೊಡೆದ ಗುರುತು ಕಂಡರೆ ಅದು ಪದರಗಳ ನಡುವೆ ಹೋಗಿದೆ, ತೊಳೆದು ಪ್ರಯೋಜನವಿಲ್ಲ. 2001ರಲ್ಲಿ ಮ್ಯಾಡ್ರಿಡ್‌ನ ನಿಸರ್ಗ ವಿಜ್ಞಾನ ಸಂಗ್ರಹಾಲಯದ ಸಂಶೋಧಕರು ಇಂಥದ್ದೇ ಒಂದನ್ನು ವರದಿ ಮಾಡಿದ್ದರು. ಮಧ್ಯ ಅಮೆರಿಕದ ಬೆಲೀಜ್‌ನಿಂದ ಬಂದ ಸಿಡಿ. ಜಿಯೋಟ್ರೈಕಮ್ ಜಾತಿಯ ಶಿಲೀಂಧ್ರ ಅದರ ಅಂಚಿನಿಂದ ನುಗ್ಗಿ ಪ್ಲಾಸ್ಟಿಕ್ಕನ್ನೂ ಅಲ್ಯೂಮಿನಿಯಮ್ಮನ್ನೂ ತಿಂದಿತ್ತು. ಬೆಲೀಜ್‌ನ ಹವೆಯೂ ನಮ್ಮ ಹಾಗೆಯೇ ಬಿಸಿ ಮತ್ತು ತೇವ.

ಕೊಬ್ಬರಿ ಎಣ್ಣೆಯ ಬಗ್ಗೆ ಯಾರೂ ಉತ್ತರಿಸಲಿಲ್ಲ. ಅದು ಗೀರಿನಲ್ಲಿ ತುಂಬಿಕೊಂಡು ಬೆಳಕು ಚದುರುವುದನ್ನು ಸ್ವಲ್ಪ ಹೊತ್ತು ತಡೆಯಬಹುದು. ಆದರೆ ಸಿಡಿ ವೇಗವಾಗಿ ತಿರುಗುವಾಗ ಎಣ್ಣೆ ಸಿಡಿದು ಲೆನ್ಸಿಗೆ ಕೂರುತ್ತದೆ, ಧೂಳನ್ನೂ ಎಳೆಯುತ್ತದೆ. ನಮ್ಮ ಹವೆಯಲ್ಲಿ ಅದೇ ಎಣ್ಣೆ ಮುಂದಿನ ಮಳೆಗಾಲದ ಬೂಷ್ಟಿಗೆ ಊಟ.

ಕೋಲಾರದ_ಹೊಸಬ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಬಳಿ ಗೀರಿದ ಬ್ಲೂರೇ ಆಟದ ಡಿಸ್ಕ್ ಇದೆ. ಅದಕ್ಕೂ ಇದೇ ಕ್ರಮವೇ?

ದುರಸ್ತಿ_ಹುಬ್ಬಳ್ಳಿ:

ತೊಳೆಯುವುದು ಇದೇ ಕ್ರಮ, ಉಜ್ಜುವುದು ಮಾತ್ರ ಖಂಡಿತ ಕೂಡದು. ಡಿವಿಡಿಯಲ್ಲಿ ತಲಾ 0.6 ಮಿಲಿಮೀಟರಿನ ಎರಡು ಹಾಳೆ ಅಂಟಿಸಿ ನಡುವೆ ಮಾಹಿತಿ ಇಟ್ಟಿರುತ್ತಾರೆ. ಬ್ಲೂರೇಯಲ್ಲಿ ಮಾಹಿತಿ ಕೆಳಮೈಯಿಂದ ಬರೀ 0.1 ಮಿಲಿಮೀಟರ್ ಒಳಗಿದೆ, ಅದರ ಮೇಲೆ ಗಟ್ಟಿ ಲೇಪ. ಪೇಸ್ಟ್ ಉಜ್ಜಿದರೆ ಆ ಲೇಪ ಹೋಗಿ ಇನ್ನೂ ಹೆಚ್ಚು ಗೀರಾಗುತ್ತದೆ. ತಮ್ಮಾ, ಅದನ್ನು ಒರೆಸಿ ನೋಡು, ಲೆನ್ಸ್ ತೊಳೆಸಿ ನೋಡು. ಆಗದಿದ್ದರೆ ಬೇರೆ ಡಿಸ್ಕ್ ಕೊಳ್ಳುವುದೇ ದಾರಿ. ಡಿವಿಡಿಯನ್ನು ಡಬ್ಬಿಯಿಂದ ತೆಗೆಯುವಾಗ ನಡುವಿನ ಗುಂಡಿ ಒತ್ತಿಯೇ ತೆಗೆಯಬೇಕು. ಅಂಚು ಹಿಡಿದು ಬಗ್ಗಿಸಿದರೆ ಆ ಎರಡು ಹಾಳೆಗಳ ಅಂಟು ಬಿಡುತ್ತದೆ.

ಸಾಗರದ_ಕೇಳುಗಿ:

ನೀವೆಲ್ಲ ಹೇಳಿದ ಹಾಗೆಯೇ ಮಾಡಿದೆ. ಫೋಟೋ ತೆಗೆದುಕೊಂಡೆ, ತೊಳೆದೆ, ಬ್ಯಾಟರಿ ನೀರಿನಲ್ಲಿ ಜಾಲಿಸಿದೆ. ಭಾವನ ಹಳೆಯ ಡೆಸ್ಕ್‌ಟಾಪಿನಲ್ಲಿ ಲಿನಕ್ಸ್ ಹಾಕಿಸಿಕೊಂಡು, ಅದರೊಳಗಿನ ಡ್ರೈವ್ ಮತ್ತು ನನ್ನ ಹೊರ ಡ್ರೈವ್ ಎರಡರಲ್ಲೂ ಓದಿಸಿದೆ. ಹೆಚ್ಚಿನ ಸಿಡಿಗಳು ಬರೀ ತೊಳೆದದ್ದಕ್ಕೇ ಓದಿದವು! ಮೊದಲ ದಿನ ಏನೂ ತೋರಿಸದೆ ಗರಗರ ಎಂದ ಸಿಡಿಯಲ್ಲಿ ವಾಲಿಯ ಪ್ರಶ್ನೆಗಳಿವೆ, ಇಡೀ ರಾತ್ರಿಯ ಕೂಟ. ಬಾಣ ತಾಗಿ ಬಿದ್ದವನು ರಾಮನನ್ನು ಕೇಳುತ್ತಾನಲ್ಲ, ಆ ಭಾಗ ಒಂದು ಅಕ್ಷರವೂ ತಪ್ಪದೆ ಬಂದಿದೆ. ನಡುವೆ ದೊಡ್ಡಪ್ಪನ ಕೆಮ್ಮೂ ಕೇಳುತ್ತದೆ. ಅಮ್ಮ ಅದನ್ನೇ ತಿರುಗಿ ತಿರುಗಿ ಹಾಕಿಸಿಕೊಂಡರು.

ಎರಡು ತೊಂದರೆಗಳು ಉಳಿದಿವೆ. ಒಂದು ಕಡುನೀಲಿ ಸಿಡಿ, ಕೆಳಮೈಯಲ್ಲಿ ಕಾಲು ಸುತ್ತಿನಷ್ಟು ದುಂಡಗಿನ ಗೀರು. ಎರಡು ಡ್ರೈವುಗಳೂ ಅಲ್ಲಿಗೆ ಬಂದು ನಿಲ್ಲುತ್ತವೆ. ಇನ್ನೊಂದು ಸಿಡಿಯ ಮೇಲೆ ದೊಡ್ಡಪ್ಪ ಬಾಲ್‌ಪೆನ್ನಿನಿಂದ ಒತ್ತಿ ಬರೆದಿದ್ದಾರೆ. ಬಲ್ಬಿಗೆ ಹಿಡಿದರೆ ಅವರ ಅಕ್ಷರಗಳ ಮೂಲಕವೇ ಬೆಳಕು ಬರುತ್ತದೆ. ‘ಹೊನ್ನಾವರ’ ಎಂಬುದನ್ನು ಕೆಳಗಿನಿಂದ ತಿರುಗುಮುರುಗಾಗಿ ಓದಬಹುದು.

ದಾವಣಗೆರೆ_ವಿಸಿಡಿ:

ಮೊದಲನೆಯದಕ್ಕೆ ಈಗ ಪಾಲಿಶ್ ಹಾಕುವ ಹೊತ್ತು ಬಂದಿದೆ ತಾಯಿ. ಓದಿದಷ್ಟು ನಿಮ್ಮ ಹಾರ್ಡ್‌ಡಿಸ್ಕಿನಲ್ಲಿದೆ, ಹೆದರಿಕೆಯಿಲ್ಲ. ಗೀರಿನ ಮೇಲೆ ಮಾತ್ರ, ನಡುವಿನಿಂದ ಅಂಚಿಗೆ ಸಣ್ಣ ಸಣ್ಣ ಎಳೆತ. ಪ್ರತಿ ಸುತ್ತಿನ ನಂತರ ತೊಳೆದು ಡ್ರೈವಿಗೆ ಹಾಕಿ ನೋಡಿ. ಬೆಂಗಳೂರಿನ ಕಡೆ ಕಾರಿನ ಬಿಡಿಭಾಗದ ಅಂಗಡಿಗಳಲ್ಲಿ ಹೆಡ್‌ಲೈಟ್ ಪಾಲಿಶ್ ಸಿಗುತ್ತದೆ. ಹೆಡ್‌ಲೈಟಿನ ಗಾಜೂ ಪಾಲಿಕಾರ್ಬೊನೇಟೇ, ಆದ್ದರಿಂದ ನುಣುಪಾದ ಹಂತದ್ದನ್ನು ಬಳಸಬಹುದು. ಕಿಟ್ಟಿನಲ್ಲಿ ಬರುವ ಮರಳುಕಾಗದ ಬೇಡ. ಉಗುರಿಗೆ ತಡೆಯುವಷ್ಟು ಆಳದ ಗೀರಾದರೆ ಕೈಯಲ್ಲಿ ಪೂರ್ತಿ ಹೋಗುವುದಿಲ್ಲ, ಸ್ವಲ್ಪ ಸುಧಾರಿಸುತ್ತದೆ ಅಷ್ಟೇ.

ಎಡಿಸನ್_ಕನ್ನಡಿಗ:

ಅಮೆರಿಕದಲ್ಲಿರುವವರಿಗೆ ಒಂದು ಸೂಚನೆ. ಇಲ್ಲಿನ ಹಲವು ಸಾರ್ವಜನಿಕ ಗ್ರಂಥಾಲಯಗಳಲ್ಲಿ ಡಿಸ್ಕ್ ಪಾಲಿಶ್ ಮಾಡುವ ಯಂತ್ರವಿದೆ. ಕೆಲವು ಕಡೆ ಊರಿನವರ ಡಿಸ್ಕುಗಳಿಗೂ ಮಾಡಿಕೊಡುತ್ತಾರೆ. ಯಂತ್ರ ಇಡೀ ಮೈಯನ್ನು ಒಂದೇ ಸಮನಾಗಿ ಸವೆಸುವುದರಿಂದ ಕೈಯಲ್ಲಿ ಉಜ್ಜಿದ್ದಕ್ಕಿಂತ ಚೆನ್ನಾಗಿ ಬರುತ್ತದೆ. ಊರಿನಿಂದ ತಂದ ಮದುವೆ ಡಿವಿಡಿಗಳಿದ್ದರೆ ನಿಮ್ಮ ಗ್ರಂಥಾಲಯದಲ್ಲಿ ಒಮ್ಮೆ ವಿಚಾರಿಸಿ.

ದುರಸ್ತಿ_ಹುಬ್ಬಳ್ಳಿ:

ಬಾಲ್‌ಪೆನ್ನಿನ ಸಿಡಿಯ ಬಗ್ಗೆ ನೇರವಾಗಿಯೇ ಹೇಳುತ್ತೇನೆ ಅಕ್ಕನವರೇ. ಅಕ್ಷರ ಇರುವ ಜಾಗದ ಮಾಹಿತಿ ಹೋಗಿದೆ, ಅದು ಬರುವುದಿಲ್ಲ. ಆದರೆ ಬರಹ ಒಂದು ಬದಿಯಲ್ಲಿ ಮಾತ್ರ ಇದೆಯಲ್ಲವೇ? ಸುರುಳಿ ಆ ಬದಿಗೆ ಬಂದಾಗಲೆಲ್ಲ ಚೂರು ಚೂರು ಹೋಗುತ್ತದೆ, ಒಳಸುತ್ತು ಮತ್ತು ಹೊರ ಅಂಚು ಉಳಿದಿರಬಹುದು. ಡಿಡಿರೆಸ್ಕ್ಯೂಗೆ ಹಾಕಿ ಬಿಡಿ, ಸಿಕ್ಕಷ್ಟು ಸಿಗಲಿ. ಕಡತಗಳ ಹೆಸರಿನ ಪಟ್ಟಿಯೇ ಓದದಿದ್ದರೆ ಫೋಟೋರೆಕ್ ಎಂಬ ಉಚಿತ ತಂತ್ರಾಂಶ ಆ ಪ್ರತಿಯೊಳಗಿನ ಎಂಪಿ3ಗಳನ್ನು ಗುರುತಿಸಿ ಹೆಕ್ಕಿಕೊಡುತ್ತದೆ. ಹೆಸರು ನೀವೇ ಕೊಡಬೇಕಾಗುತ್ತದೆ.

ರಸಾಯನ_ಮೇಷ್ಟ್ರು:

ಇನ್ನು ಮುಂದೆ ಯಾರೇ ಸಿಡಿ ಮೇಲೆ ಬರೆಯುವುದಿದ್ದರೂ ಮೆತ್ತನೆ ಮೊನೆಯ ಮಾರ್ಕರಿನಲ್ಲಿ, ನಡುವಿನ ತೂತಿನ ಸುತ್ತ ಮಾಹಿತಿ ಇಲ್ಲದ ಪಾರದರ್ಶಕ ಉಂಗುರದ ಮೇಲೆ ಬರೆಯಿರಿ. ಡಬ್ಬಿಯೊಳಗೆ ಇಡುವ ಕಾಗದವೂ ತೊಂದರೆ ಕೊಡಬಲ್ಲದು. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನಲ್ಲಿದ್ದ ಪಿಡಿಒ ಕಾರ್ಖಾನೆಯಲ್ಲಿ 1988ರಿಂದ 1993ರ ನಡುವೆ ಅಚ್ಚಾದ ಎಷ್ಟೋ ಸಿಡಿಗಳು ಕಂಚಿನ ಬಣ್ಣಕ್ಕೆ ತಿರುಗಿ ಹಾಳಾದವು. ಅವುಗಳ ಮೆರುಗೆಣ್ಣೆಗೆ ಡಬ್ಬಿಯ ಪುಸ್ತಿಕೆಯ ಕಾಗದದಲ್ಲಿದ್ದ ಗಂಧಕವನ್ನು ತಡೆಯುವ ಶಕ್ತಿ ಇರಲಿಲ್ಲ.

ಸಾಗರದ_ಕೇಳುಗಿ:

ಕಡುನೀಲಿ ಸಿಡಿ ಬಂತು! ಪಾಲಿಶ್ ಹಾಕಿ, ಅದೇ ನಕ್ಷೆಯ ಕಡತ ಇಟ್ಟುಕೊಂಡು ಡೆಸ್ಕ್‌ಟಾಪ್ ಡ್ರೈವಿನಲ್ಲಿ ಕೊನೆಯಿಂದ ಮೊದಲಿನ ಕಡೆಗೆ ಓದಿಸಿದೆ. ಸ್ವಲ್ಪ ಸೆಕ್ಟರುಗಳು ಬಾಕಿ ಉಳಿದವು. ಕೇಳುವಾಗ ಭಾಗವತರ ಒಂದು ಪದ್ಯದ ನಡುವೆ ಎರಡು ಕಡೆ ಕಡಿದುಹೋಗುತ್ತದೆ, ಚೆಂಡೆಯ ಪೆಟ್ಟು ಸಿಗುವುದರಿಂದ ತಾಳ ಹಿಡಿದುಕೊಂಡು ಹೋಗಬಹುದು. ಉಪನಯನದ ವಿಸಿಡಿ ಐಸೋಬಸ್ಟರಿನಲ್ಲಿ ಪೂರ್ತಿ ಬಂದಿದೆ. ಬಾಲ್‌ಪೆನ್ನಿನ ಸಿಡಿಯಲ್ಲಿ ಮೊದಲಿನ ಎರಡು ಕಡತಗಳು ಮತ್ತು ಕೊನೆಯ ಒಂದು ದಕ್ಕಿವೆ.

ಇವನ್ನೆಲ್ಲ ಈಗ ಎಲ್ಲಿ, ಹೇಗೆ ಇಡಲಿ? ಮತ್ತೆ ಸಿಡಿಗೇ ಬರೆಸಬೇಕೇ? ಹಳೆಯ ಸಿಡಿಗಳನ್ನು ಏನು ಮಾಡಲಿ?

ದಾಖಲೆ_ಮೈಸೂರು:

ಬಹಳ ಸಂತೋಷವಾಯಿತು. ಕಡತಗಳನ್ನು ಎರಡು ಹಾರ್ಡ್‌ಡಿಸ್ಕಿನಲ್ಲಿ ಇಡಿ, ಎರಡೂ ಒಂದೇ ಮನೆಯಲ್ಲಿ ಬೇಡ. ಒಂದು ನಿಮ್ಮಲ್ಲಿ, ಒಂದು ಭಾವನ ಮನೆಯಲ್ಲಿ. ವರ್ಷಕ್ಕೊಮ್ಮೆ ತೆರೆದು ನೋಡಿ. ಕಡತದ ಹೆಸರಿನಲ್ಲೇ ಊರು, ಪ್ರಸಂಗ, ವರ್ಷ ಬರಲಿ, ಜೊತೆಗೆ ಸಿಡಿಯ ಮೇಲುಮೈಯ ಫೋಟೋ ಇರಲಿ. ಡಿಡಿರೆಸ್ಕ್ಯೂ ಮಾಡಿದ ಪೂರ್ತಿ ಪ್ರತಿ ಮತ್ತು ನಕ್ಷೆಯ ಕಡತವನ್ನೂ ಅಳಿಸಬೇಡಿ. ಮುಂದೆ ಇನ್ನೂ ಒಳ್ಳೆಯ ಡ್ರೈವು ಸಿಕ್ಕರೆ ಬಾಕಿ ಸೆಕ್ಟರುಗಳಿಗೆ ಅಲ್ಲಿಂದಲೇ ಮುಂದುವರಿಯಬಹುದು. ಅದಕ್ಕಾಗಿಯೇ ಹಳೆಯ ಸಿಡಿಗಳನ್ನೂ ಎಸೆಯಬೇಡಿ. ಗಟ್ಟಿ ಡಬ್ಬಿಗಳಲ್ಲಿ ನಿಲ್ಲಿಸಿಡಿ, ಮಲಗಿಸಿ ಪೇರಿಸಬೇಡಿ. ಅಮೆರಿಕದ ಮಾನಕ ಸಂಸ್ಥೆಯ 2003ರ ಕೈಪಿಡಿ 4ರಿಂದ 20 ಡಿಗ್ರಿ ಸೆಲ್ಸಿಯಸ್, ಶೇಕಡಾ 20ರಿಂದ 50 ತೇವಾಂಶ ಎನ್ನುತ್ತದೆ. ಸಾಗರದ ಮಳೆಗಾಲದಲ್ಲಿ ಅದು ಸಾಧ್ಯವಿಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ, ಅಟ್ಟದ ಬದಲು ಕೆಳಮನೆಯ ಕಪಾಟಿನಲ್ಲಿಡಿ. ಹೆಂಚಿನ ಕೆಳಗಿನ ಅಟ್ಟ ಬೇಸಿಗೆಯಲ್ಲಿ ಕಾಯುತ್ತದೆ. ಮತ್ತೆ ಸಿಡಿಗೆ ಬರೆಸುವ ಅಗತ್ಯವಿಲ್ಲ.

ಪಡುಗಡಲು:

ಕಡಿದುಹೋದ ಪದ್ಯ ಯಾವುದೆಂದು ಗೊತ್ತೇ? ಅದೇ ಕೂಟವನ್ನು ಧ್ವನಿಮುದ್ರಿಸಿಕೊಂಡವರು ಆ ಕಾಲದಲ್ಲಿ ಒಬ್ಬರೇ ಇರುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ನಾಲ್ಕೈದು ಟೇಪ್‌ರೆಕಾರ್ಡರ್ ಇರುತ್ತಿದ್ದವು. ದೊಡ್ಡಪ್ಪ ಕ್ಯಾಸೆಟ್ಟುಗಳನ್ನು ಯಾರಿಗೆ ಕೊಟ್ಟರು ಎಂಬುದೂ ಮನೆಯ ಹಿರಿಯರಿಗೆ ನೆನಪಿರಬಹುದು. ಊರು ಮತ್ತು ಪ್ರಸಂಗದ ಹೆಸರು ಇಲ್ಲಿ ಹಾಕಿ, ಭಾಗವತಿಕೆಯ ಒಂದು ತುಣುಕನ್ನೂ ಕೇಳಿಸಿ. ನಮ್ಮ ಮನೆಯ ಕ್ಯಾಸೆಟ್ಟುಗಳಲ್ಲಿ ನಾನೂ ಹುಡುಕುತ್ತೇನೆ.